ಹುಳು ಕೊರೆದ ದಾರಿ

ಬಂಟ್ವಾಳದ ಹಳೆಯ ತಾಳಮದ್ದಳೆ ಕೂಟಗಳ ವಿಷಯ ಬಂದಾಗ ನನ್ನ ಕುರಿತು ಒಂದು ಕಥೆ ಹೇಳುವವರು ಈಗಲೂ ಇದ್ದಾರೆ. ಐದನೆಯ ತರಗತಿಗೆ ಶಾಲೆ ಬಿಟ್ಟ ಒಬ್ಬ ಬೈಂಡಿಂಗ್ ಕೆಲಸದವನು, ಮೂವತ್ತು ವರ್ಷ ದೇವತೆಗಳ ಪಕ್ಷದಲ್ಲಿ ಅರ್ಥ ಹೇಳಿದ ಹಿರಿಯರೊಬ್ಬರನ್ನು ಓಲೆಗರಿಯ ಆಧಾರದಿಂದ ಒಂದೇ ಮಧ್ಯಾಹ್ನದಲ್ಲಿ ಕಟ್ಟಿಹಾಕಿದ ಎಂಬುದು ಆ ಕಥೆ. ಇದನ್ನು ನನ್ನೆದುರೇ ಹೇಳಿ ನನಗೆ ಶಾಲು ಹೊದೆಸಿದವರೂ ಇದ್ದಾರೆ. ನಾನು ಹೇಳಿಕೆಯ ಕಥೆಗಳನ್ನು ಸುಲಭಕ್ಕೆ ನಂಬುವವನಲ್ಲ. ಯಾರು ಕಂಡರು, ಯಾವಾಗ ಬರೆದರು, ಬರೆದವರಿಗೆ ಹೇಳಿದವರು ಯಾರು ಎಂದು ಕೇಳಿ ಕೇಳಿ ನೆಂಟರಿಷ್ಟರ ಮನೆಗಳಲ್ಲಿ ಬೇಡದವನಾದೆ. ಆದರೆ ನನ್ನ ಕುರಿತ ಈ ಕಥೆಯನ್ನು ಮಾತ್ರ ಶಾಲಿನೊಂದಿಗೆ ಸ್ವೀಕರಿಸಿ ಸುಮ್ಮನೆ ಮನೆಗೆ ಬಂದೆ. ಅದರಲ್ಲಿ ನಿಜವೆಷ್ಟು ಎಂದು ಬಲ್ಲವರಲ್ಲಿ ಈಗ ಉಳಿದವನು ನಾನೊಬ್ಬನೇ.

ತಾಳಮದ್ದಳೆಗೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ; ಚಾಪೆಯ ಮೇಲೆ ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಆ ಪದ್ಯದ ಪಾತ್ರವಾಗಿ ಮಾತಾಡುತ್ತಾರೆ. ದೇವತೆಗಳೂ ದೈತ್ಯರೂ ಕಾದುವುದು ನಾಲಿಗೆಯಲ್ಲಿ. ಐವತ್ತರ ದಶಕದಲ್ಲಿ ನಮ್ಮ ಕೂಟ ನಡೆಯುತ್ತಿದ್ದದ್ದು ಬಂಟ್ವಾಳ ಪೇಟೆಯ ಅಕ್ಕಿ ಅಂಗಡಿಯೊಂದರ ಮಾಳಿಗೆಯಲ್ಲಿ, ಮಳೆಗಾಲದ ಆದಿತ್ಯವಾರಗಳ ಮಧ್ಯಾಹ್ನ. ಊಟ ಮಾಡಿ ಬಂದವರು ಮೂಟೆಗಳಿಗೆ ಒರಗಿ ಕುಳಿತುಕೊಳ್ಳುವರು. ಜಾಗಟೆಗೆ ಮೊದಲ ಪೆಟ್ಟು ಬೀಳುವವರೆಗೆ ಎಲ್ಲರ ಬಾಯಲ್ಲೂ ತುಳು. ಪೆಟ್ಟು ಬಿದ್ದ ಮೇಲೆ ಮಂಗಳದ ಪದ್ಯ ಮುಗಿಯುವ ತನಕ ಅರ್ಥಧಾರಿಗಳ ಬಾಯಿಂದ ತುಳುವಿನ ಒಂದು ಶಬ್ದ ಹೊರಡಬಾರದು. ಹಾಗೆಂದು ಯಾರೂ ಬರೆದಿಟ್ಟಿರಲಿಲ್ಲ. ಆದರೆ ಆ ಮಾಳಿಗೆಯಲ್ಲಿ ಅದು ತಪ್ಪಿದ್ದನ್ನು ನಾನು ಕಂಡದ್ದು ಒಂದೇ ಸಲ.

ನಾನು ಹೇಳಿದ ಹಿರಿಯರು ಬೆಳ್ತಂಗಡಿಯಲ್ಲಿ ಬಸ್ ಏಜೆಂಟರಾಗಿದ್ದರು. ಏಜೆಂಟ್ರು ಎಂದೇ ಎಲ್ಲರೂ ಕರೆಯುತ್ತಿದ್ದರು, ನಾನೂ. ವಾರದ ಆರು ದಿನ ಬಸ್ಸಿನ ಪಕ್ಕದಲ್ಲಿ ನಿಂತು ಗುರುವಾಯನಕೆರೆ, ಮಡಂತ್ಯಾರು, ಪುಂಜಾಲಕಟ್ಟೆ ಎಂದು ಊರುಗಳನ್ನು ಕೂಗುವುದು ಅವರ ಕೆಲಸ. ಏಳನೆಯ ದಿನ ಅದೇ ಬಸ್ಸಿನಲ್ಲಿ ಬಂಟ್ವಾಳಕ್ಕೆ ಇಳಿದು ದೇವಸೇನೆಯ ಸೇನಾನಿಯಾಗಿ ಕುಳಿತುಕೊಳ್ಳುವರು. ಸೇನಾನಿಯ ಪೀಠಿಕೆಯಲ್ಲಿ ದಿಕ್ಪಾಲಕರನ್ನು ಒಬ್ಬೊಬ್ಬರನ್ನಾಗಿ ಯುದ್ಧಕ್ಕೆ ಕರೆಯುವ ಭಾಗ ಬಂದಾಗ, ಮೂಟೆಗೆ ಒರಗಿದವರಲ್ಲಿ ಯಾರಾದರೊಬ್ಬರು ‘ಹತ್ತಿ, ಹತ್ತಿ, ಎದುರು ಸೀಟು ಖಾಲಿ ಉಂಟು’ ಎಂದು ಮೆಲ್ಲಗೆ ಹೇಳಿ ನಗಿಸುವರು. ಏಜೆಂಟ್ರೂ ನಗುವರು, ಆದರೆ ಅರ್ಥ ನಿಲ್ಲಿಸುತ್ತಿರಲಿಲ್ಲ.

ಅವರ ಮುಖದ ತುಂಬ ಸಿಡುಬಿನ ಕಲೆಗಳಿದ್ದವು. ನೆರಿಯದ ಕಾಡಂಚಿನಲ್ಲಿ ಅವರ ಮನೆ ಇದ್ದ ಕಾಲದಲ್ಲಿ ಆ ಕಡೆಗೆ ಸಿಡುಬು ಬಂದು, ಸುತ್ತಲಿನ ಮನೆಯವರೆಲ್ಲ ಒಂದೇ ದಿನ ಒಲೆ ಆರಿಸಿ ಹೊರಟುಹೋದರಂತೆ. ಅಣ್ಣಂದಿರೂ ಹೋದರು. ಇಪ್ಪತ್ತೆರಡು ವರ್ಷದ ಇವರು ತಾಯಿಯ ಹತ್ತಿರ ನಿಂತರು. ತಾಯಿ ಉಳಿಯಲಿಲ್ಲ, ಇವರಿಗೂ ಬಂತು, ಇವರು ಉಳಿದರು. ಇದನ್ನು ಅವರೇ ನನಗೆ ಒಮ್ಮೆ ಪುಂಜಾಲಕಟ್ಟೆಯಲ್ಲಿ ಬಸ್ಸು ಕೆಟ್ಟು ನಿಂತಾಗ ಹೇಳಿದ್ದರು. ಆಗ ಓಡದೆ ನಿಲ್ಲುವ ಧೈರ್ಯ ಎಲ್ಲಿಂದ ಬಂತು ಎಂದು ನಾನು ಕೇಳಿದ್ದಕ್ಕೆ, ಸೇನಾನಿಯ ಅರ್ಥ ಕಲಿತಿದ್ದೆನಲ್ಲ ಮಾರಾಯ, ಅದು ಬಾಯಿಪಾಠ ಇತ್ತು ಎಂದಿದ್ದರು. ಈ ಸಂಗತಿ ನನಗೆ ಮೊದಲೇ ಗೊತ್ತಿತ್ತು ಎಂಬುದನ್ನು ಓದುವವರು ನೆನಪಿಡಬೇಕು. ಗೊತ್ತಿರಲಿಲ್ಲ ಎಂದು ಬರೆಯುವ ಆಸೆ ನನಗೆ ಈಗಲೂ ಆಗುತ್ತದೆ.

ಅವರಿಗೆ ಪ್ರಿಯವಾಗಿದ್ದ ಪ್ರಸಂಗ ನಮ್ಮ ಮೂರು ಪೇಟೆಗಳ ಆಚೆ ಯಾರಿಗೂ ತಿಳಿಯದಂಥದು. ಅದರಲ್ಲಿ ಬರುವ ದೈತ್ಯನಿಗೆ ರಾಜ್ಯ ಬೇಡ, ಅಮೃತ ಬೇಡ. ಅವನ ಹಟವೆಲ್ಲ ಇದ್ದದ್ದನ್ನು ಕಲಸಿಹಾಕುವುದು. ನದಿಯನ್ನು ಗುಡ್ಡಕ್ಕೆ ಹರಿಸುತ್ತಾನೆ, ಹಗಲಿನೊಳಗೆ ಇರುಳನ್ನು ಸುರಿಯುತ್ತಾನೆ, ತಾಯಿ ಮಗನನ್ನು ಗುರುತಿಸದಂತೆ ಮಾಡುತ್ತಾನೆ. ಆರು ದಿನ ಕಾದಾಡಿದ ದೇವತೆಗಳು ಏಳನೆಯ ದಿನ ಚದರಿ ಓಡುತ್ತಾರೆ. ನದಿ ದಾಟುವ ಕಡವಿನಲ್ಲಿ ಸೇನಾನಿಯೊಬ್ಬನೇ ಬಿಲ್ಲನ್ನು ನೆಲಕ್ಕೆ ಊರಿ ನಿಲ್ಲುತ್ತಾನೆ. ಬಾಣಗಳು ಮುಗಿದಿವೆ, ಅವನು ಮಾಡುವುದು ನಿಲ್ಲುವುದೊಂದನ್ನೇ. ಅವನು ಕದಲದೆ ನಿಂತಲ್ಲಿ ಒಂದು ದಿಕ್ಕು ಗೊತ್ತಾಗುತ್ತದೆ. ಅದರಿಂದ ಉಳಿದ ದಿಕ್ಕುಗಳು ತಮ್ಮ ಸ್ಥಾನಕ್ಕೆ ಬರುತ್ತವೆ. ಇದಿಷ್ಟು ಕಥೆ.

ನನಗೆ ಅರ್ಥ ಹೇಳಲು ಕಲಿಸಿದವರು ಏಜೆಂಟ್ರೇ. ಮುದ್ರಣಾಲಯದ ಹಿಂಬದಿಯಲ್ಲಿ ರಿಜಿಸ್ಟರುಗಳಿಗೆ ರಟ್ಟು ಕಟ್ಟುತ್ತ, ಕಟ್ಟಲು ಬಂದ ಪುಸ್ತಕಗಳನ್ನೆಲ್ಲ ಓದಿ ತಲೆ ತುಂಬಿಸಿಕೊಂಡಿದ್ದ ನನ್ನನ್ನು ಮಾಳಿಗೆಗೆ ಕರೆದು ದೈತ್ಯನ ಪಕ್ಷದಲ್ಲಿ ಕೂರಿಸಿದವರೂ ಅವರೇ. ನಿನಗೆ ಒಪ್ಪುವ ಬಾಯಿ ಇಲ್ಲ, ಆ ಬದಿಯೇ ನಿನಗೆ ಲಾಯಕ್ಕು ಎಂದರು. ಒಂದು ದಿನ ಕೂಟ ಮುಗಿದ ಮೇಲೆ ಚಹಾ ಕುಡಿಯುವಾಗ ನಾನು ಅವರನ್ನು ಹಿಡಿದು ಕೇಳಿದೆ.

“ಏಜೆಂಟ್ರೇ, ದೇವತೆಗಳೆಲ್ಲ ಓಡಿದ್ದಾರೆ. ಹಾಗಾದರೆ ಸೇನಾನಿ ನಿಂತದ್ದನ್ನು ಕಂಡವರು ಯಾರು?”

ಅವರು ಲೋಟ ಕೆಳಗಿಟ್ಟು ನನ್ನನ್ನು ನೋಡಿ ನಕ್ಕರು.

“ಇದಿರು ಒಬ್ಬ ಇದ್ದನಲ್ಲ ಮಾರಾಯ. ದೈತ್ಯ. ಅವನಿಗೆ ಕಣ್ಣು ಇರಲಿಲ್ಲವಾ?”

ಅಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಉತ್ತರ ನನ್ನ ಪ್ರಶ್ನೆಗಿಂತ ಚೆನ್ನಾಗಿತ್ತು. ಅದು ನನ್ನೊಳಗೆ ಮುಳ್ಳಿನ ಹಾಗೆ ಕೂತಿತು.

ಆ ಮಳೆಗಾಲ ಕಳೆದು ಬಂದ ಬೇಸಗೆಯಲ್ಲಿ ಮೂಡಬಿದಿರೆಯ ಒಂದು ಜೈನ ಮನೆಯಿಂದ ನನಗೆ ಕರೆ ಬಂತು. ಮನೆ ಬಸದಿಯ ಬೀದಿಯಲ್ಲಿ. ಯಜಮಾನರು ತೀರಿಹೋಗಿ, ಮನೆಯನ್ನು ನೋಡಿಕೊಳ್ಳುತ್ತಿದ್ದದ್ದು ಎಪ್ಪತ್ತು ದಾಟಿದ ಅಜ್ಜಿ. ಪೆಟ್ಟಿಗೆಯಲ್ಲಿದ್ದ ಓಲೆಗರಿಯ ಕಟ್ಟುಗಳ ದಾರಗಳೆಲ್ಲ ಹರಿದಿದ್ದವು. ಕಾಗದದ ಪುಸ್ತಕ ಕಟ್ಟುವವನಿಗೆ ಓಲೆಯೂ ಬಂದೀತು ಎಂದು ಯಾರೋ ಅವರಿಗೆ ಹೇಳಿದ್ದರು. ನಾನು ಸಿದ್ಧಕಟ್ಟೆಯ ಬಸ್ಸಿನಲ್ಲಿ ಹೋಗಿ ಮೂರು ವಾರ ಅಲ್ಲಿದ್ದೆ. ಗರಿಗಳನ್ನು ಒಂದೊಂದಾಗಿ ಒರೆಸಿ, ಮಜ್ಜಿಗೆಹುಲ್ಲಿನ ಎಣ್ಣೆ ಸವರಿ, ಕಬ್ಬಿಣದ ಕಂಟದಿಂದ ಕೊರೆದ ಅಕ್ಷರಗಳಿಗೆ ದೀಪದ ಮಸಿ ತಿಕ್ಕಿ, ಹೊಸ ದಾರ ಪೋಣಿಸಿ ಹಲಗೆಗಳ ನಡುವೆ ಕಟ್ಟುವುದು ಕೆಲಸ. ಅಜ್ಜಿಯ ಕಟ್ಟಳೆ ಒಂದೇ: ಗರಿಯೊಳಗೆ ಹುಳು ಸಿಕ್ಕಿದರೆ ಕೊಲ್ಲಬಾರದು. ಕೋಳಿಗರಿಯಿಂದಲ್ಲ, ಬಟ್ಟೆಯ ತುದಿಯಿಂದ ಮೆಲ್ಲಗೆ ತೆಗೆದು ಬಾವಿಯ ಬಳಿ ಹುಲ್ಲಿನ ಮೇಲೆ ಬಿಡಬೇಕು. ಸೂರ್ಯ ಮುಳುಗುವ ಮೊದಲೇ ಊಟಕ್ಕೆ ಕರೆಯುವರು. ಅಷ್ಟರೊಳಗೆ ನಾನು ದಿನದ ಹುಳುಗಳನ್ನು ಬಿಟ್ಟು ಕೈತೊಳೆದು ಬರಬೇಕು.

ಹಳೆಯ ಅಕ್ಷರಗಳನ್ನು ನಾನು ಅಲ್ಲಿಯೇ ಕಲಿತೆ. ಎರಡನೆಯ ವಾರದಲ್ಲಿ ನನ್ನ ಕೈಗೆ ಬಂದ ಕಟ್ಟೊಂದು ನಮ್ಮ ಪ್ರಸಂಗದ ಕಥೆಯನ್ನೇ ಹೇಳುತ್ತಿತ್ತು. ಜೈನರ ಪೆಟ್ಟಿಗೆಯೊಳಗೆ ಅದು ಹೇಗೆ ಬಂತೋ ಅಜ್ಜಿಗೂ ತಿಳಿಯದು. ಸುಮಾರು ಅರುವತ್ತು ಗರಿಗಳು. ಹೆಚ್ಚಿನವುಗಳ ಎಡದಂಚಿನಲ್ಲಿ ಸಂಖ್ಯೆಗಳಿದ್ದವು. ಆದರೆ ಏಳನೆಯ ದಿನದ ಯುದ್ಧ ಬರುವ ಹನ್ನೊಂದು ಗರಿಗಳ ಎಡದಂಚನ್ನು ಇಲಿ ತಿಂದಿತ್ತು. ಸಂಖ್ಯೆಗಳು ಇಲಿಯ ಹೊಟ್ಟೆ ಸೇರಿದ್ದವು. ಹನ್ನೊಂದು ಗರಿಗಳನ್ನು ನೆಲದ ಮೇಲೆ ಹರವಿಕೊಂಡು, ಯಾವುದರ ಹಿಂದೆ ಯಾವುದು ಎಂದು ಎರಡು ದಿನ ಕುಳಿತೆ.

ಒಂದು ಗರಿ, ಸೇನಾನಿ ಬಿಲ್ಲನ್ನು ನೆಲಕ್ಕೆ ಊರಿದ ಎಂಬಲ್ಲಿಗೆ ಮುಗಿಯುತ್ತಿತ್ತು. ಇನ್ನೊಂದು, ದೇವತೆಗಳ ಒಡೆಯ ರಥದಿಂದ ಇಳಿದ ಎಂಬಲ್ಲಿಗೆ. ಮೂರನೆಯ ಗರಿಯಲ್ಲಿ ಯಾರ ಹೆಸರೂ ಇಲ್ಲ. ಬೆನ್ನು ತಿರುಗಿಸಿ, ಮೊಣಕಾಲಿನವರೆಗೆ ಕೆಸರು ತುಳಿದು, ಕಡವು ದಾಟಿ, ಆಚೆ ದಡದ ಮುಂಡುಕದ ಮುಳ್ಳುಪೊದೆಗಳಲ್ಲಿ ಅಡಗಿದವನ ವರ್ಣನೆ ಮಾತ್ರ. ಅದನ್ನು ಯಾವ ಗರಿಯ ಹಿಂದೆ ಪೋಣಿಸುತ್ತೇನೋ ಆ ಗರಿಯವನೇ ಓಡಿದವನಾಗುತ್ತಿದ್ದ. ಎರಡು ಕ್ರಮದಲ್ಲಿಯೂ ಓದು ತಡವರಿಸುತ್ತಿರಲಿಲ್ಲ. ಒಡೆಯನ ಹಿಂದೆ ಇಟ್ಟರೆ ಎಲ್ಲರೂ ಹೇಳಿಕೊಂಡು ಬಂದ ಕಥೆಯೇ ಆಗುತ್ತಿತ್ತು. ಸೇನಾನಿಯ ಹಿಂದೆ ಇಟ್ಟರೆ ಯಾರೂ ಕೇಳದ ಕಥೆ. ಅರುವತ್ತು ಗರಿಗಳಿಗೆ ಎಣ್ಣೆ ಸವರಿದ ಕೈಗಳಿಗೆ ಏನಾದರೂ ಹೊಸದು ಬೇಕಿತ್ತು. ನಾನು ಅದನ್ನು ಸೇನಾನಿಯ ಹಿಂದೆ ಪೋಣಿಸಿ, ದಾರವನ್ನು ಎರಡು ಸುತ್ತು ಬಿಗಿದು ಕಟ್ಟಿದೆ.

ಅಂದು ಸಂಜೆಯ ಊಟಕ್ಕೆ ಕುಳಿತಾಗ, ಎಲ್ಲರೂ ಹೊಗಳುವ ಸೇನಾನಿ ನಿಜದಲ್ಲಿ ಓಡಿಹೋಗಿದ್ದ ಎಂದು ಅಜ್ಜಿಗೆ ಹೇಳಿದೆ. ಅವರು ನನ್ನ ಎಲೆಗೆ ಅನ್ನ ಬಡಿಸುತ್ತ, “ಓಡಿದರೆ ಒಳ್ಳೆಯದೇ ಆಯಿತಲ್ಲ. ಒಂದು ಜೀವ ಉಳಿಯಿತು,” ಎಂದರು. ಮತ್ತೆ ಸ್ವಲ್ಪ ಹೊತ್ತಿಗೆ, “ಹುಳ ಎಲ್ಲ ಬಿಟ್ಟಾಯಿತಾ?” ಎಂದು ಕೇಳಿದರು.

ಮಳೆ ಹಿಡಿದು ಕೂಟಗಳು ಸುರುವಾದವು. ನಾನು ಓಲೆಯ ವಿಷಯ ಯಾರಿಗೂ ಹೇಳಲಿಲ್ಲ. ಏಜೆಂಟ್ರಿಗೆ ಮೊದಲೇ ಹೇಳಿದ್ದರೆ ಅವರು ಮೂಡಬಿದಿರೆಗೆ ಹೋಗಿ ನೋಡುವ ಎನ್ನುತ್ತಿದ್ದರು, ನೋಡಿದ್ದರೆ ಹನ್ನೊಂದು ಗರಿಗಳ ಇಲಿ ತಿಂದ ಅಂಚುಗಳನ್ನು ಕಾಣುತ್ತಿದ್ದರು. ನಾನು ಕಾದೆ. ಮೂರನೆಯದೋ ನಾಲ್ಕನೆಯದೋ ಆದಿತ್ಯವಾರ ಅದೇ ಪ್ರಸಂಗ ಬಂತು. ಮಾಳಿಗೆ ತುಂಬಿತ್ತು, ಏಣಿಯ ಮೇಲೂ ಜನ ನಿಂತಿದ್ದರು. ಏಜೆಂಟ್ರು ಕಡವಿನ ಪದ್ಯಕ್ಕೆ ಅರ್ಥ ಹೇಳಿದರು. ಅಂದಿನಷ್ಟು ಚೆನ್ನಾಗಿ ಅವರು ಹೇಳಿದ್ದನ್ನು ನಾನು ಕೇಳಿರಲಿಲ್ಲ ಎಂಬುದು ನನ್ನ ನೆನಪು. ನೆನಪಿಗೂ ಅದರದೇ ಆದ ಆಸೆಗಳಿರುವುದರಿಂದ ಅದನ್ನು ಒತ್ತಿ ಹೇಳುವುದಿಲ್ಲ. ನನ್ನ ಸರದಿ ಬಂತು. ದೈತ್ಯನಾಗಿ ನಾನು ಹೇಳಿದ ಮಾತು ಮಾತ್ರ ಅಕ್ಷರಾಕ್ಷರ ನೆನಪಿದೆ.

“ಸೇನಾನಿಯೇ, ನೀನು ನಿಂತೆಯೆಂದು ನಿನ್ನವರು ಹಾಡುತ್ತಾರೆ. ನಿನ್ನವರಲ್ಲಿ ಒಬ್ಬನೂ ಅಲ್ಲಿರಲಿಲ್ಲ. ಕಣ್ಣಿದ್ದು ಇದಿರಿಗಿದ್ದವನು ನಾನೊಬ್ಬನೇ. ನಾನು ಕಂಡದ್ದು ನಿನ್ನ ಬೆನ್ನನ್ನು.”

ಮಾಳಿಗೆಯಲ್ಲಿ ಕೂಗೆದ್ದಿತು. ಅವರದೇ ಮಾತನ್ನು ಅವರ ಮೇಲೆ ಬೀಸಿದ್ದು ಚಹಾದ ದಿನ ಅಲ್ಲಿದ್ದವರಿಗೆಲ್ಲ ತಿಳಿಯಿತು. ಏಜೆಂಟ್ರೂ ಮುಗುಳ್ನಕ್ಕರು. ಸೇನಾನಿಯಾಗಿಯೇ ಉತ್ತರ ಕೊಟ್ಟರು: ಎಲ್ಲವನ್ನೂ ಕಲಸುವವನ ಕಣ್ಣಿಗೆ ಎದೆ ಬೆನ್ನಿನಂತೆ ಕಂಡರೆ ಆಶ್ಚರ್ಯವೇನು ಎಂದು. ಅದು ಸಾಲದೇ? ಅಲ್ಲಿಗೆ ನಾನು ಕೈಮುಗಿಯಬಹುದಿತ್ತು. ನಾನು ಓಲೆಯನ್ನು ಹೊರತೆಗೆದೆ. ಅಂದರೆ, ಅದರ ಮಾತುಗಳನ್ನು. ಮೂಡಬಿದಿರೆಯ ಮನೆಯೊಂದರ ಓಲೆಯಲ್ಲಿ ಹೀಗಿದೆ ಎಂದು ಕೆಸರು, ಕಡವು, ಮುಂಡುಕದ ಪೊದೆ ಎಲ್ಲವನ್ನೂ ಸಾಲುಸಾಲಾಗಿ ಒಪ್ಪಿಸಿದೆ. ಹಳೆಯ ಓಲೆ ಎಂದರೆ ನಮ್ಮಲ್ಲಿ ಅದಕ್ಕೆ ಎದುರುಮಾತಿಲ್ಲ.

ಏಜೆಂಟ್ರು ಮುಂದಕ್ಕೆ ಬಾಗಿದರು. ಮುಖದ ಮೇಲೆ ಒಮ್ಮೆ ಕೈಯಾಡಿಸಿಕೊಂಡರು. ಆಮೇಲೆ, ಜಾಗಟೆಯ ಪೆಟ್ಟು ಬಿದ್ದು ಎರಡು ಗಂಟೆ ಆಗಿದ್ದ ಆ ಮಾಳಿಗೆಯಲ್ಲಿ, ತುಳುವಿನಲ್ಲಿ ಕೇಳಿದರು.

“ನೀನು ಓದಿದ್ದಾ? ನಿನ್ನ ಕಣ್ಣಾರೆ?”

ಇದು ಸೇನಾನಿ ದೈತ್ಯನಿಗೆ ಕೇಳಿದ ಪ್ರಶ್ನೆಯಲ್ಲ. ಎರಡು ಕ್ರಮಗಳಿದ್ದವು, ನಾನು ಒಂದನ್ನು ಆರಿಸಿಕೊಂಡೆ ಎಂದು ಹೇಳಲು ಅವರು ಬಾಗಿಲು ತೆರೆದು ನಿಂತಿದ್ದರು. ನಾನು ಕನ್ನಡದಲ್ಲಿ, ದೈತ್ಯನ ಸ್ವರದಲ್ಲಿ, “ಓದಿದ್ದೇನೆ” ಎಂದೆ.

ಭಾಗವತರು ಸಂಗತಿ ಕೆಟ್ಟದ್ದನ್ನು ಕಂಡು ಮುಂದಿನ ಪದ್ಯ ಎತ್ತಿಕೊಂಡರು. ಏಜೆಂಟ್ರು ಕೈಯೆತ್ತಿ ತಡೆದು, ಹಾಗಾದರೆ ನನ್ನಲ್ಲಿ ಮಾತಿಲ್ಲ ಎಂದು ಕನ್ನಡದಲ್ಲಿ ಹೇಳಿ, ಶಾಲು ಮಡಚಿ ತೊಡೆಯ ಮೇಲಿಟ್ಟುಕೊಂಡರು. ಮಂಗಳದ ಪದ್ಯದವರೆಗೆ ಹಾಗೆಯೇ ಕುಳಿತಿದ್ದು, ಐದು ಗಂಟೆಯ ಬಸ್ಸಿಗೆ ಹೋದರು. ನನ್ನ ಬೆನ್ನು ತಟ್ಟಲು ಜನ ಸಾಲಾಗಿ ಬಂದರು. ಚಹಾವನ್ನೂ ಅಂಬಡೆಯನ್ನೂ ನನಗೆ ಯಾರ್ಯಾರೋ ತರಿಸಿಕೊಟ್ಟರು. ತಿಂದೆ.

ಮುಂದಿನ ವಾರ ಅವರು ಬರಲಿಲ್ಲ. ಆ ಮಳೆಗಾಲವಿಡೀ ಬರಲಿಲ್ಲ. ಬೆಳ್ತಂಗಡಿಗೆ ಕರೆಯಲು ಹೋದವರಿಗೆ, ಓಡಿದವನ ಅರ್ಥ ಹೇಳಲು ತನಗೆ ಬರುವುದಿಲ್ಲ, ನಿಂತವನದು ಮಾತ್ರ ಕಲಿತದ್ದು ಎಂದರಂತೆ. ಬೇರೆ ಪಾತ್ರ ಹೇಳಿ ಎಂದರೆ ನಕ್ಕು ಬಸ್ಸಿನ ಕಡೆ ತಿರುಗಿದರಂತೆ. ಸೇನಾನಿಯ ಸ್ಥಾನಕ್ಕೆ ಬೇರೊಬ್ಬರು ಬಂದರು. ಮರುವರ್ಷ ನಮ್ಮ ಕೂಟದಲ್ಲಿ ಸೇನಾನಿ ಕಡವು ದಾಟಿ ಓಡುವುದು ಕಥೆಯ ಭಾಗವೇ ಆಯಿತು. ಕೆಲವರು ಅದನ್ನು ಬಹಳ ಕರುಣೆಯಿಂದ ಹೇಳುತ್ತಿದ್ದರು.

ಎರಡು ಮಳೆಗಾಲ ಕಳೆದು ಓಲೆಗಳಿಗೆ ಮತ್ತೆ ಎಣ್ಣೆ ಹಾಕಲು ಅಜ್ಜಿ ಹೇಳಿಕಳಿಸಿದರು. ಕಟ್ಟಿನ ಮೇಲಿನ ಹಲಗೆ ಸರಿಸಿ, ಗರಿಗಳನ್ನು ದಾರದಿಂದ ಬಿಚ್ಚದೆ ಒಂದೊಂದಾಗಿ ಮಗುಚುತ್ತ ಕಿಟಕಿಯ ಬೆಳಕಿಗೆ ಹಿಡಿದೆ. ಬಲಬದಿಯಲ್ಲಿ ಹುಳು ಕೊರೆದ ಒಂದು ಸಣ್ಣ ತೂತು ಇತ್ತು. ಹುಳುವಿಗೆ ಅಕ್ಷರ ಬೇಡ. ಗರಿಯಿಂದ ಗರಿಗೆ ಅದು ತುಸು ಓರೆಯಾಗಿ, ಒಂದೇ ಗೆರೆಯಲ್ಲಿ ಹೋಗುತ್ತದೆ. ಮೇಲಿನ ಗರಿಗಳಲ್ಲಿ ತೂತಿನೊಳಗೆ ತೂತು ಸರಿಯಾಗಿ ಕೂತಿತ್ತು. ನಾನು ಕ್ರಮ ಹಚ್ಚಿದ ಹನ್ನೊಂದರಲ್ಲಿ ದಾರಿ ಕಡಿದುಹೋಗಿ, ಒಂದು ಗರಿಯಲ್ಲಿ ಇಲ್ಲಿ, ಇನ್ನೊಂದರಲ್ಲಿ ಒಂದು ಬೆರಳಿನಷ್ಟು ಆಚೆ ಕಾಣುತ್ತಿತ್ತು. ಕೆಸರು ತುಳಿದವನ ಗರಿಯನ್ನು ತೆಗೆದು ದೇವತೆಗಳ ಒಡೆಯನ ಗರಿಯ ಹಿಂದಿಟ್ಟು, ಅದಕ್ಕೆ ತಕ್ಕಂತೆ ಉಳಿದವನ್ನು ಸರಿಸಿದೆ. ಬೆಳಕು ತೂತಿನಿಂದ ಕೆಳಗಿನ ಹಲಗೆಯವರೆಗೆ ಬಂದು ನಿಂತಿತು. ಇಲಿ ತಿಂದ ಎಡದಂಚೂ ಒಂದೇ ಬಾಗಾಗಿ ಕೂಡಿತು.

ಸಂಶಯ ನನ್ನ ಕಸುಬು. ಹುಳು ಕೊರೆಯುವ ಮೊದಲೇ ಯಾರೋ ಕ್ರಮ ತಪ್ಪಿಸಿರಬಹುದು ಎಂದು ಒಂದು ವಾರ ನನಗೆ ನಾನೇ ಹೇಳಿಕೊಂಡೆ. ಹುಳು ಸುಳ್ಳು, ಇಲಿ ಸುಳ್ಳು, ನೂರು ವರ್ಷ ಇದೇ ಕಥೆ ಹೇಳಿದ ಭಾಗವತರೆಲ್ಲ ಸುಳ್ಳು, ನಾನೊಬ್ಬನೇ ನಿಜ ಎಂದು ವಾದಿಸುವುದು ನನಗೇ ನಾಚಿಕೆ ತಂದಾಗ ಬಿಟ್ಟೆ. ಗರಿಗಳನ್ನು ಸರಿಯಾದ ಕ್ರಮದಲ್ಲಿ ಕಟ್ಟಿದೆ. ಆದರೆ ಯಾರಿಗೂ ಹೇಳಲಿಲ್ಲ. ಈ ವಾರ, ಈ ಮಳೆಗಾಲ, ಮುಂದಿನ ಮಳೆಗಾಲ ಎಂದು ನಾಲ್ಕು ವರ್ಷ ಹೋಯಿತು. ಅಷ್ಟರಲ್ಲಿ ಕೂಟದಲ್ಲಿ ನಾನು ದೊಡ್ಡವನಾಗಿದ್ದೆ. ಎಳೆಯ ಅರ್ಥಧಾರಿಗಳು ಓಲೆಯ ವಿಷಯ ಕೇಳಲು ಮುದ್ರಣಾಲಯಕ್ಕೆ ಬರುತ್ತಿದ್ದರು.

ಬೆಳ್ತಂಗಡಿ ಬಸ್ಸಿನ ಕಂಡಕ್ಟರನೊಬ್ಬ ನಮ್ಮ ಕೂಟಕ್ಕೆ ಆಗಾಗ ಬಂದು ಕುಳಿತುಕೊಳ್ಳುವವನು. ಏಜೆಂಟ್ರಿಗೆ ಎರಡೂ ಕಣ್ಣಿಗೆ ಪೊರೆ ಬಂದು ಈಗ ಏನೂ ಕಾಣುವುದಿಲ್ಲ, ಕೆಲಸ ಬಿಟ್ಟಿದ್ದಾರೆ, ಆದರೂ ದಿನವಿಡೀ ಬಸ್ ಸ್ಟ್ಯಾಂಡಿನ ಕಟ್ಟೆಯಲ್ಲೇ ಇರುತ್ತಾರೆ ಎಂದು ಅವನು ಒಂದು ದಿನ ಹೇಳಿದ. ಕೇಳಿದೊಡನೆ ನನಗೆ ಮೊದಲು ಹೊಳೆದದ್ದು, ಇನ್ನು ಅವರು ಓಲೆಯನ್ನು ನೋಡಲಾರರು ಎಂದು. ಎದೆಯಿಂದ ಭಾರ ಇಳಿದ ಹಾಗಾಯಿತು. ಆ ಹಗುರವನ್ನು ಗುರುತಿಸಿದ ಮೇಲೆ ರಟ್ಟಿಗೆ ಹಚ್ಚಲು ತೆಗೆದ ಅಂಟು ಕೈಯಲ್ಲೇ ಒಣಗಿತು. ಮರುದಿನ ಬೆಳಗ್ಗಿನ ಬಸ್ಸು ಹತ್ತಿದೆ.

ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಕುಳಿತು ನಾನು ಯಾರೆಂದು ಹೇಳುವ ಮೊದಲೇ ಸ್ವರದಿಂದ ಗುರುತಿಸಿದರು. ಓಹೋ, ದೈತ್ಯ ಬೆಳ್ತಂಗಡಿಗೆ ಬಂದಿದ್ದಾನೆ, ಉಜಿರೆಯವರಿಗೂ ಒಂದು ಮಾತು ಹೇಳಿಬಿಡಿ ಎಂದು ಪಕ್ಕದವರಿಗೆ ತಮಾಷೆ ಮಾಡಿದರು. ನಾನು ಗರಿಗಳ ವಿಷಯವನ್ನೆಲ್ಲ ಹೇಳಿದೆ: ಇಲಿ, ಎರಡು ಕ್ರಮಗಳು, ನನ್ನ ಆಯ್ಕೆ, ಹುಳುವಿನ ತೂತು. ಅವರು ಕೊನೆಯವರೆಗೆ ಕೇಳಿ ತಲೆಯಾಡಿಸಿದರು.

“ನನ್ನ ಕಣ್ಣು ಹೋಯಿತು ಅಂತ ಯಾರೋ ಹೇಳಿದರು, ಪಾಪ ಅಂತ ಕಂಡಿತು, ಸಮಾಧಾನ ಹೇಳಲಿಕ್ಕೆ ಬಂದಿದ್ದಿ. ಬೇಡ ಮಾರಾಯ. ಓಲೆಯಲ್ಲಿ ಉಂಟು ಅಂದ ಮೇಲೆ ಉಂಟು. ಈಗ ಅದನ್ನು ಸುಳ್ಳು ಮಾಡಬೇಡ.”

ಎಷ್ಟು ಆಣೆ ಇಟ್ಟರೂ ಒಪ್ಪಲಿಲ್ಲ. ನನ್ನ ಸುಳ್ಳನ್ನು ಒಂದೇ ಪ್ರಶ್ನೆಗೆ ನಂಬಿದ್ದವರು ನನ್ನ ನಿಜವನ್ನು ಒಂದು ಗಂಟೆ ಬೇಡಿದರೂ ನಂಬಲಿಲ್ಲ. ಕೊನೆಗೆ, ನನ್ನ ಮಾತು ಬೇಡ, ಮೂಡಬಿದಿರೆಗೆ ಹೋಗುವ, ನಿಮ್ಮ ಕೈಯಿಂದಲೇ ಮುಟ್ಟಿ ನೋಡಿ ಎಂದೆ. ವೇಣೂರಿನ ದಾರಿಯ ಬಸ್ಸಿಗೆ ಅವರನ್ನು ಹತ್ತಿಸಿದೆ. ದಾರಿಯುದ್ದಕ್ಕೂ ಬಸ್ಸು ನಿಂತಲ್ಲೆಲ್ಲ, ಯಾರೂ ಹೇಳದೆಯೇ, ಊರಿನ ಹೆಸರನ್ನು ತುಟಿಯೊಳಗೆ ಹೇಳುತ್ತಿದ್ದರು.

ಅಜ್ಜಿ ಇನ್ನೂ ಇದ್ದರು. ಕಟ್ಟನ್ನು ಜಗಲಿಗೆ ತಂದುಕೊಟ್ಟು, ಗುಡಿಸುವ ಹಿಡಿಸೂಡಿಯಿಂದ ಒಂದು ಕಡ್ಡಿ ಮುರಿದುಕೊಂಡು ಬಂದರು. ನಾನು ಮೊದಲು ಆ ಹನ್ನೊಂದು ಗರಿಗಳನ್ನಷ್ಟೇ ಕೆಳಗಿನ ಹಲಗೆಯ ಮೇಲೆ ನನ್ನ ಹಳೆಯ ಕ್ರಮದಲ್ಲಿ ಜೋಡಿಸಿ, ಏಜೆಂಟ್ರ ಬೆರಳನ್ನು ತೂತಿನ ಮೇಲಿಟ್ಟು, ಕಡ್ಡಿ ಕೈಗೆ ಕೊಟ್ಟೆ. ಕಡ್ಡಿ ನಾಲ್ಕು ಗರಿ ಇಳಿದು ತಡೆಯಿತು. ಅವರು ತಿರುಗಿಸಿ ನೋಡಿದರು, ಇಳಿಯಲಿಲ್ಲ. ಆಮೇಲೆ ಸರಿಯಾದ ಕ್ರಮದಲ್ಲಿ ಇಟ್ಟೆ. ಕಡ್ಡಿ ಇಳಿಯಿತು, ಇಳಿಯುತ್ತಲೇ ಹೋಗಿ ಕೆಳಗಿನ ಹಲಗೆಗೆ ಟಕ್ಕೆಂದು ತಾಗಿತು. ಅವರು ಅದನ್ನು ಹೊರಗೆಳೆದು ಮತ್ತೊಮ್ಮೆ ಇಳಿಸಿದರು. ಮತ್ತೂ ಒಮ್ಮೆ. ಕೆಸರಿನ ಗರಿಯನ್ನು ಕೇಳಿ ತೆಗೆದುಕೊಂಡು, ಕೊರೆದ ಅಕ್ಷರಗಳ ಮೇಲೆ ಹೆಬ್ಬೆರಳು ಸವರಿದರು. ಅಜ್ಜಿ ಊಟಕ್ಕೆ ಕರೆದಾಗ ಬಿಸಿಲು ಜಗಲಿಯಿಂದ ಇಳಿದಿತ್ತು.

“ಕೂಟದಲ್ಲಿ ಹೇಳಿದ್ದೀಯಾ ಇದನ್ನು?” ಎಂದು ಏಜೆಂಟ್ರು ಕೇಳಿದರು.

ಇಲ್ಲ ಎಂದೆ.

“ನನಗೆ ಹೇಳಿ ಏನು ಪ್ರಯೋಜನ? ನನಗೆ ಇನ್ನು ಅರ್ಥ ಹೇಳಲಿಕ್ಕೆ ಹಲ್ಲೂ ಇಲ್ಲ. ಅವನು ಓಡಿದ ಅಂತ ನೀನು ಹೇಳಿದ್ದು ಅಲ್ಲಿ. ಓಡಲಿಲ್ಲ ಅಂತಲೂ ಅಲ್ಲಿಯೇ ಹೇಳು.”

ಬೈಯಲಿಲ್ಲ. ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಎಂದೂ ಕೇಳಲಿಲ್ಲ. ಬರುವ ಆದಿತ್ಯವಾರವೇ ಹೇಳುತ್ತೇನೆ ಎಂದು ನಾನು ಅವರ ಕೈಹಿಡಿದು ಮಾತು ಕೊಟ್ಟೆ.

ಆ ಆದಿತ್ಯವಾರ ಅದೇ ಪ್ರಸಂಗವನ್ನು ಇಡಿಸಿಕೊಂಡೆ. ಸೇನಾನಿಯಾಗಿ ಕುಳಿತವನು ಹೊಸಬ, ನನ್ನಲ್ಲಿಯೇ ಓಲೆಯ ವಿಷಯ ಕೇಳಿಕೊಂಡು ಹೋದವನು. ಕಡವಿನ ಪದ್ಯ ಬಂತು. ಹೌದು ದೈತ್ಯನೇ, ನಾನು ಓಡಿದೆ, ಅದನ್ನು ಓಲೆಯೇ ಹೇಳುತ್ತದೆ, ಆದರೆ ತಿರುಗಿ ಬಂದೆನಲ್ಲ ಎಂದು ಅವನು ಸೊಗಸಾಗಿ ಹೇಳಿದ. ಮೂಟೆಗೆ ಒರಗಿದವರು ಮೆಚ್ಚಿ ನನ್ನ ಕಡೆ ನೋಡಿದರು, ಇದು ನಿಮ್ಮಿಂದಲೇ ಬಂದದ್ದು ಎಂಬಂತೆ. ನಾನು ಬಾಯಿ ತೆರೆದೆ. ಬಂದದ್ದು ದೈತ್ಯನ ಅರ್ಥ. ಬಂದ ದಾರಿಯ ಕೆಸರು ಇನ್ನೂ ನಿನ್ನ ಕಾಲಲ್ಲಿದೆ ಎಂದೆ. ಜನ ನಕ್ಕರು. ಮುಂದಿನ ಪದ್ಯ ಬಂತು. ಮುಂದಿನ ವಾರ ಹೇಳಿದರಾಯಿತು ಎಂದುಕೊಂಡೆ.

ಮುಂದಿನ ವಾರದೊಳಗೆ ಕಂಡಕ್ಟರ್ ಮುದ್ರಣಾಲಯಕ್ಕೆ ಬಂದ. ಏಜೆಂಟ್ರು ಬಂಟ್ವಾಳದಿಂದ ಬರುವ ಬಸ್ಸಿನಿಂದ ಇಳಿದವರನ್ನೆಲ್ಲ ನಿಲ್ಲಿಸಿ ವಿಚಾರಿಸುತ್ತಾರೆ, ಮೀನು ತಂದವರನ್ನೂ ಬಿಡುವುದಿಲ್ಲ, ಕೂಟದಲ್ಲಿ ಅವನು ಹೇಳಿದನಾ ಎಂದು ಒಂದೇ ಪ್ರಶ್ನೆ, ಜನಕ್ಕೆ ತಲೆಬುಡ ತಿಳಿಯುವುದಿಲ್ಲ ಎಂದು ನಗುತ್ತ ಹೇಳಿದ.

“ಏನು ಹೇಳಲಿಕ್ಕೆ ಉಂಟು ನಿಮಗೆ? ನಾನು ಏನು ಹೇಳಲಿ ಅವರಿಗೆ?”

ನನ್ನ ಕೈಯಲ್ಲಿ ಯಾವುದೋ ಶಾಲೆಯ ಹಾಜರಿ ಪುಸ್ತಕವಿತ್ತು. ಸೂಜಿಗೆ ದಾರ ಪೋಣಿಸುತ್ತಿದ್ದೆ.

“ಹೇಳಿ ಆಯಿತು ಅಂತ ಹೇಳು,” ಎಂದೆ.

ಎರಡು ದಿನ ಬಿಟ್ಟು ಅವನು ಮತ್ತೆ ಬಂದ. ಏಜೆಂಟ್ರು ಆ ಮಾತನ್ನು ಅವನಿಂದ ಎರಡು ಸಲ ಹೇಳಿಸಿ, ಎಷ್ಟು ಜನ ಇದ್ದರು, ಮಾಳಿಗೆ ತುಂಬಿತ್ತಾ ಎಂದು ಕೇಳಿದರಂತೆ. ಇವನು ತುಂಬಿತ್ತು ಎಂದನಂತೆ. ಅದೊಂದು ನಿಜ. ಕಟ್ಟೆಯಲ್ಲಿದ್ದವರಿಗೆಲ್ಲ ಚಹಾ ಹೇಳಿದರಂತೆ. ಆಮೇಲೆ ಎದ್ದು ನಿಂತು, ಹೊರಡಲಿದ್ದ ಬಂಟ್ವಾಳದ ಬಸ್ಸಿಗೆ ಊರುಗಳ ಹೆಸರನ್ನೆಲ್ಲ ತಾವೇ ಕೂಗಿದರಂತೆ. ಹೊಸ ಏಜೆಂಟ್ ಸುಮ್ಮನೆ ಬಿಟ್ಟನಂತೆ.

ಆ ಮಳೆಗಾಲ ಮುಗಿಯುವುದರೊಳಗೆ ಅವರು ತೀರಿಕೊಂಡರು. ನಾನು ಹೋಗಿದ್ದೆ. ಅಲ್ಲಿ ಅವರ ನೆಂಟರೊಬ್ಬರು ನನ್ನನ್ನು ಗುರುತಿಸಿ ಹತ್ತಿರ ಬಂದು, ಎಲ್ಲರೆದುರು ತಪ್ಪನ್ನು ಒಪ್ಪಿಕೊಂಡಿರಂತೆ, ದೊಡ್ಡ ಮನಸ್ಸು ನಿಮ್ಮದು, ಅವರಿಗೆ ಕೊನೆಗೆ ಅದೇ ಸಂತೋಷ ಎಂದರು. ನಾನು ತಲೆಬಾಗಿಸಿ ಕೇಳಿದೆ.

ಮಾಳಿಗೆಯ ಕೂಟ ನಿಂತುಹೋಗಿ ಬಹಳ ವರ್ಷಗಳಾದವು. ಆ ಪ್ರಸಂಗವನ್ನು ಎಲ್ಲಿಯಾದರೂ ಇಟ್ಟರೆ ಸೇನಾನಿ ಈಗಲೂ ಕೆಸರು ತುಳಿದು ಕಡವು ದಾಟುತ್ತಾನೆ. ಆಧಾರ ಕೇಳಿದರೆ ನನ್ನನ್ನು ಹೇಳುತ್ತಾರೆ. ಅವನು ಓಡಲಿಲ್ಲ. ಹೇಳಿ ಆಯಿತು ಎಂದು ಕಂಡಕ್ಟರನ ಬಾಯಲ್ಲಿ ನಾನು ಬೆಳ್ತಂಗಡಿಗೆ ಸುಳ್ಳು ಕಳಿಸಿದ್ದೆ; ಆ ಮಾತನ್ನು ಎಲ್ಲರೆದುರು ಹೇಳುತ್ತಿರುವುದು ಇದೀಗ, ಮೊದಲ ಸಲ.